ಬಿದ್ದರೂ ಬಿಡದ ಅಂಟು: ರಬ್ಬರ್ ಬೆರೆತ ಎಪಾಕ್ಸಿ, ಮೂರು ವರ್ಷದ ಮೇಲೆ

ಈ ಅಂಟು ತಂದದ್ದೇ ಸಿಟ್ಟಿನಲ್ಲಿ. ಮಿಕ್ಸಿಯ ಚಟ್ನಿ ಜಾರಿನ ಹಿಡಿ ಮುರಿದಿತ್ತು. ಮಾಮೂಲಿ ಎರಡು ಟ್ಯೂಬಿನ ಎಪಾಕ್ಸಿ ಹಾಕಿ ಒಂದೇ ತಿಂಗಳಲ್ಲಿ ಮೂರು ಸಲ ಕೂರಿಸಿದೆ. ಕೈಯಲ್ಲಿ ಎಳೆದರೆ ಜಪ್ಪಯ್ಯ ಅಂದರೂ ಬಿಡದು. ಸಿಂಕಿಗೆ ಒಮ್ಮೆ ಬಿತ್ತೋ, ಕಡಲೆ ಚಿಕ್ಕಿಯ ಹಾಗೆ ಪಟ್. ಕೊನೆಗೆ ಹಾರ್ಡ್‌ವೇರ್ ಅಂಗಡಿಯವರು ಈ ಬೂದು ಬಣ್ಣದ್ದನ್ನು ಕೊಟ್ಟರು, ಎರಡೂವರೆ ಪಟ್ಟು ಬೆಲೆಗೆ. "ಅಷ್ಟು ದುಡ್ಡಿಗೆ ಹೊಸ ಜಾರೇ ಬರ್ತಿತ್ತಲ್ಲೋ" ಅಂದರು ಅಮ್ಮ. ಬರುತ್ತಿರಲಿಲ್ಲ, ಆದರೂ ಸುಮ್ಮನಿದ್ದೆ.

ಅಂಟಿಸುವ ಕೆಲಸ ಭಾನುವಾರ, ಕಾಫಿ ಆದಮೇಲೆ. ಹಳೇ ಲಗ್ನಪತ್ರಿಕೆಯ ನುಣುಪು ಬದಿಯ ಮೇಲೆ ಎರಡೂ ಟ್ಯೂಬಿನಿಂದ ಅವರೆಕಾಳಿನಷ್ಟು ಹಿಂಡಿ, ಐಸ್‌ಕ್ರೀಮ್ ಕಡ್ಡಿಯಲ್ಲಿ ಗೆರೆಗಳೆಲ್ಲ ಮಾಯವಾಗುವ ತನಕ ಕಲಸುತ್ತೇನೆ. ಡಿಸೆಂಬರಿನಲ್ಲಿ ಕಾಕಂಬಿಯಷ್ಟು ಗಟ್ಟಿ. ಟ್ಯೂಬುಗಳನ್ನು ಹತ್ತು ನಿಮಿಷ ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಬೇಕು. ಮುರಿದ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಸ್ಪಿರಿಟ್ ಒರೆಸಿ, ಅಂಟು ಸವರಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಂದು ದಿನ ಮುಟ್ಟುವುದಿಲ್ಲ.

ಪತ್ರಿಕೆಯ ಮೇಲೆ ಉಳಿದು ಗಟ್ಟಿಯಾದ ಚೂರನ್ನು ಬಗ್ಗಿಸಿ ನೋಡುವುದು ನನಗೊಂದು ಚಟ. ಮಾಮೂಲಿಯದು ಟಕ್ಕೆಂದು ಒಡೆಯುತ್ತದೆ, ಅಂಚು ಗಾಜಿನಂತೆ ಹೊಳೆಯುತ್ತದೆ. ಇದು ಬಗ್ಗಿದ ಕಡೆ ಮೊದಲು ಬೆಳ್ಳಗಾಗುತ್ತದೆ, ಸಾಕಷ್ಟು ಸತಾಯಿಸಿ ಆಮೇಲೆ ಮುರಿಯುತ್ತದೆ. ಆ ಬಿಳುಪಿನಲ್ಲೇ ಗುಟ್ಟಿರುವುದು. ಟ್ಯೂಬಿನಲ್ಲಿ ದ್ರವ ರಬ್ಬರ್ ರೆಸಿನ್ನಿನೊಳಗೆ, ಅಂದರೆ ಎಪಾಕ್ಸಿಯ ಮೂಲ ದ್ರವದೊಳಗೆ, ಕರಗಿಕೊಂಡಿರುತ್ತದೆ. ಅಂಟು ಗಟ್ಟಿಯಾಗುತ್ತಾ ಹೋದಂತೆ, ಮಜ್ಜಿಗೆಯಿಂದ ಬೆಣ್ಣೆ ಬಿಟ್ಟ ಹಾಗೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ಗುಂಡುಗಳಾಗಿ ಬೇರೆಯಾಗುತ್ತದೆ. ಬಿರುಕು ಹತ್ತಿರ ಬಂದರೆ ಗುಂಡುಗಳೊಳಗೆ ಪೊಳ್ಳು ಬೀಳುತ್ತದೆ, ಸುತ್ತಲಿನ ಗಟ್ಟಿ ಎಪಾಕ್ಸಿ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬೆಳ್ಳಗೆ ಕಾಣುವುದು ಆ ಪೊಳ್ಳುಗಳು. ಜಾರಿನ ಹಿಡಿ ಮೂರು ವರ್ಷದಲ್ಲಿ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಅಂಟಿನ ಅಂಚಿನಲ್ಲಿ ಒಂದು ಬಿಳಿ ಗೆರೆ ಮೂಡಿದೆ, ಅಷ್ಟೇ.

ಇದೇ ಹುಮ್ಮಸ್ಸಿನಲ್ಲಿ ಹಾಲಿನ ಪಾತ್ರೆಯ ಮುಚ್ಚಳದ ಗುಂಡಿಗೂ ಹಾಕಿದೆ. ಎರಡನೇ ವಾರ ಹಾಲು ಉಕ್ಕುವ ಹೊತ್ತಿಗೆ ಎತ್ತಿದರೆ ಗುಂಡಿ ನನ್ನ ಕೈಯಲ್ಲಿ, ಮುಚ್ಚಳ ಹಾಲಿನಲ್ಲಿ. ಅಂಟು ಹಲ್ವದ ಹಾಗೆ ಮೆತ್ತಗಾಗಿತ್ತು. ಪೂರ್ತಿ ಬೇರೆಯಾಗದೆ ರೆಸಿನ್ನಿನಲ್ಲೇ ಉಳಿಯುವ ರಬ್ಬರ್ ಬಿಸಿ ತಾಳುವ ಶಕ್ತಿಯನ್ನು ಇಳಿಸುತ್ತದೆ. ಎಲ್ಲ ತಪ್ಪನ್ನೂ ರಬ್ಬರಿನ ತಲೆಗೆ ಕಟ್ಟಲೂ ಆಗದು: ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಬಹುತೇಕ ಎಪಾಕ್ಸಿಗಳು ಹಬೆಯ ಮುಂದೆ ನಿಲ್ಲುವುದಿಲ್ಲ. ಡಬ್ಬಿಯ ಮೇಲೆ 'ಎಲ್ಲದಕ್ಕೂ' ಅಂತ ದಪ್ಪಕ್ಷರದಲ್ಲಿ ಬರೆದವರಿಗೆ ಮಾತ್ರ ಇದು ಗೊತ್ತಿರಬೇಕಿತ್ತು. ರಬ್ಬರ್ ಗುಂಡುಗಳಿಗೆ ಗಟ್ಟಿ ಚಿಪ್ಪು ಕಟ್ಟಿ, ಮೊದಲೇ ತಯಾರಿಸಿ ಬೆರೆಸುವ ಬಗೆಯೂ ಇದೆ. ಬಿಸಿ ತಾಳುವ ಗುಣವನ್ನು ಅದು ಅಷ್ಟಾಗಿ ಕೆಡಿಸುವುದಿಲ್ಲ. ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ, "ಅಂಟು ಅಂದ್ರೆ ಅಂಟು ಸಾರ್" ಅಂದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೀಳುವ ವಸ್ತುಗಳಿಗೆ ಕಣ್ಣುಮುಚ್ಚಿ ತನ್ನಿ. ಮುಚ್ಚಳಕ್ಕೆ ನಾನು ಸ್ಕ್ರೂ ಹಾಕಿಸಿದ್ದೇನೆ.