ಜಿಲ್ಲಾಸ್ಪತ್ರೆ ಡಿಇಐಸಿ, ಆಟಿಸಂ ಇರೋ ಮಗುಗೆ ಹೇಗಿದೆ?

ಆಟಿಸಂ ಅಂದ ತಕ್ಷಣ ಎಲ್ರೂ ಪ್ರೈವೇಟ್ ಥೆರಪಿ ಸೆಂಟರ್ ಹೆಸರೇ ಹೇಳ್ತಾರೆ, ಜಿಲ್ಲಾಸ್ಪತ್ರೆಲಿ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆನ ಬೇಗ ಗುರುತಿಸಿ ಥೆರಪಿ ಕೊಡೋ ಸೆಂಟರ್) ಅಂತ ಒಂದಿದೆ ಅನ್ನೋದು ಸುಮಾರು ಜನಕ್ಕೆ ಗೊತ್ತೇ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು (ಆರ್‌ಬಿಎಸ್‌ಕೆ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ), ಅಂಗನವಾಡಿಗೆ ಬರೋ ಆರ್‌ಬಿಎಸ್‌ಕೆ ಡಾಕ್ಟರೇ ಚೀಟಿ ಬರೆದು ಕಳಿಸ್ತಾರೆ, ದುಡ್ಡು ತಗೊಳಲ್ಲ.

ಮೊದಲು ಹೋಗ್ತಿದ್ದ ಪ್ರೈವೇಟ್ ಸೆಂಟರಲ್ಲಿ ಮಗನ್ನ ಒಳಗೆ ಕರ್ಕೊಂಡು ಬಾಗಿಲು ಹಾಕ್ಕೊಳೋರು, ಆಮೇಲೆ "ಇವತ್ತು ಚೆನ್ನಾಗಿ ಕೂತಿದ್ದ" ಅಂತ ಒಂದು ಮಾತು, ಫೀಸು, ಅಷ್ಟೇ. ಇಲ್ಲಿ ಸ್ಪೀಚ್ ಥೆರಪಿಸ್ಟ್ ಮೇಡಂ ನನ್ನನ್ನೇ ನೆಲದ ಮೇಲೆ ಕೂರ್ಸಿದ್ರು. ಅವನಿಗಿಷ್ಟದ ಕೋಡುಬಳೆನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕಾಣೋ ಹಾಗೆ ಮುಂದೆ ಇಟ್ಟು, "ನೀವಾಗೇ ತೆಗೀಬೇಡಿ, ಸುಮ್ನೆ ಕಾಯಿರಿ" ಅಂದ್ರು. ತಿರುಗಿಸ್ದ, ಕಚ್ಚಿದ, ಕಿರುಚಿದ, ಕೊನೆಗೆ ಡಬ್ಬಿ ತಂದು ನನ್ನ ಕೈಲಿಟ್ಟು ಒಂದ್ಸಲ ಕಣ್ಣೆತ್ತಿ ನೋಡ್ದ. "ಹಾಂ, ಅದೇ ಕೇಳೋದು! 'ಕೊಡು' ಅಂತ ನೀವೇ ಹೇಳಿ ತಕ್ಷಣ ಕೊಟ್ಬಿಡಿ." ವಾರಕ್ಕೊಂದ್ಸಲ ಅವರ ಹತ್ರ ಇರ್ತಾನೆ, ಮಿಕ್ಕಿದ್ದೆಲ್ಲ ಮನೇಲೇ ಅಲ್ವಾ, ಹಂಗಾಗಿ ಕಲಿಬೇಕಾದ್ದು ನಾವು.

ನಮ್ಮತ್ತೆನೂ ಕರೆಸಿದ್ರು, ಅದು ನನಗೆ ಇನ್ನೂ ಇಷ್ಟ ಆಯ್ತು. ಗಂಡುಮಕ್ಕಳಿಗೆ ಮಾತು ಲೇಟು, ಇವಳು ಮೊಬೈಲ್ ಕೊಟ್ಟು ಹಾಳು ಮಾಡಿದ್ಲು ಅಂತ ಮನೇಲಿ ದಿನಾ ಇದ್ದಿದ್ದೇ. ಮೇಡಂ ನಿಧಾನಕ್ಕೆ "ಅಜ್ಜಿ, ಇವನ ಮೆದುಳು ಬೆಳೆಯೋ ರೀತಿನೇ ಬೇರೆ, ತಾಯಿ ಸಾಕಿದ್ರಲ್ಲಿ ತಪ್ಪಿಲ್ಲ" ಅಂದ್ರು. ಅತ್ತೆ ತುಟಿಪಿಟಿಕ್ ಅನ್ಲಿಲ್ಲ, ಆದ್ರೆ ಅವನಿಗೆ ಸದ್ದಾಗಲ್ಲ ಅಂತ ಈಗ ಕುಕ್ಕರ್ ಕೂಗೋ ಮುಂಚೆ ಅವನನ್ನ ಹಿತ್ತಲಿಗೆ ಕರ್ಕೊಂಡು ಹೋಗೋದು ಅವ್ರೇ.

ಮೈನಸ್ಸೂ ಇದೆ. ಇರೋದು ಒಬ್ಬರೇ ಸ್ಪೀಚ್ ಥೆರಪಿಸ್ಟ್, ರಜೆ ಹಾಕಿದ್ರೆ ಮುಗೀತು. ಕಾಯೋ ಜಾಗ ಅಂದ್ರೆ ಒಪಿಡಿ ಕಾರಿಡಾರು, ಸದ್ದು ಅಂದ್ರೆ ಕಿವಿ ಮುಚ್ಕೊಳೋ ಮಕ್ಕಳನ್ನ ಅಲ್ಲಿ ಕೂರ್ಸೋದು ಯಾರ ಐಡಿಯಾನೋ ದೇವ್ರೇ ಬಲ್ಲ. ಡೀಟೇಲ್ ಆಗಿ ಟೆಸ್ಟ್ ಮಾಡಿಸ್ಬೇಕು ಅಂದ್ರೆ ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಅಂತಾರೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಆಟಿಸಂ ಥರದ ತೊಂದರೆ ಇರೋರಿಗೆ ಅಂತ ಇರೋ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಇನ್ಶೂರೆನ್ಸು (1 ಲಕ್ಷದವರೆಗೆ, ಥೆರಪಿ ಖರ್ಚೂ ಒಂದು ಮಿತಿಯೊಳಗೆ ಸಿಗುತ್ತೆ), ಇದನ್ನೆಲ್ಲ ಯಾರೂ ತಾವಾಗೇ ಹೇಳಲ್ಲ, ಬಾಯಿಬಿಟ್ಟು ಕೇಳಿ.

ನನ್ನ ಕಡೆಯಿಂದ ನಾಲ್ಕು ಸ್ಟಾರ್. ಡಯಗ್ನೋಸಿಸ್ ಪೇಪರ್ ಬರ್ಲಿ ಅಂತ ಕಾಯ್ಬೇಡಿ, ಒಂದೂವರೆ ವರ್ಷ ಆದ್ರೂ ಹೆಸರು ಕರೆದ್ರೆ ತಿರುಗ್ತಿಲ್ಲ, ಬೆರಳು ಮಾಡಿ ಏನೂ ತೋರ್ಸಲ್ಲ ಅಂದ್ರೂ ಸಾಕು, ತಾಯಿ ಕಾರ್ಡ್ ತಗೊಂಡು ಬೆಳಗ್ಗೆ ಬೇಗ ಹೋಗಿ, ಹನ್ನೊಂದರ ಮೇಲೆ ಕೂರೋಕೂ ಜಾಗ ಇರಲ್ಲ.