ಸಾಪ್‌ವಿತ್ ಕ್ಯಾಮಲ್: ಒಂದೂವರೆ ವರ್ಷದ ಬಳಕೆಯ ನಂತರ (5ಕ್ಕೆ 3.5)

ವಿಮಾನ: ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಬಳಕೆ: ಪಶ್ಚಿಮ ರಣರಂಗ (ಫ್ರಾನ್ಸ್, ಬೆಲ್ಜಿಯಂ), 1917ರ ಜೂನ್‌ನಿಂದ 1918ರ ನವೆಂಬರ್‌ವರೆಗೆ. ಎಂಜಿನ್: 130 ಅಶ್ವಶಕ್ತಿಯ ಕ್ಲೆರ್ಜೆ.

ಎಂಜಿನ್, ಎರಡು ವಿಕರ್ಸ್ ಮೆಷಿನ್‌ಗನ್, ಪೈಲಟ್, ಪೆಟ್ರೋಲ್ ಟ್ಯಾಂಕ್ ಎಲ್ಲವನ್ನೂ ಮೂತಿಯ ಏಳು ಅಡಿಯೊಳಗೆ ತುರುಕಿದ್ದಾರೆ. ಭಾರ ಒಂದೇ ಕಡೆ ಇರುವುದರಿಂದ ತಿರುಗುವುದು ಚುರುಕು. ರೋಟರಿ ಎಂಜಿನ್ ಆದ್ದರಿಂದ ಪ್ರೊಪೆಲ್ಲರ್ ಜೊತೆಗೆ ಒಂಬತ್ತೂ ಸಿಲಿಂಡರ್ ಸುತ್ತುತ್ತವೆ, ಬುಗುರಿಯ ಹಟ ಇಡೀ ವಿಮಾನಕ್ಕೆ ಅಂಟುತ್ತದೆ. ಬಲಕ್ಕೆ ತಿರುಗಿಸಿದರೆ ಮೂತಿ ಕೆಳಗೆ, ಎಡಕ್ಕೆ ತಿರುಗಿಸಿದರೆ ಮೇಲಕ್ಕೆ. ಎರಡಕ್ಕೂ ಎಡಗಾಲಲ್ಲೇ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಬೇಕು. ಎಡಕ್ಕೆ 90 ಡಿಗ್ರಿ ಹೋಗುವ ಬದಲು ಬಲಕ್ಕೆ 270 ಡಿಗ್ರಿ ಸುತ್ತಿ ಬರುವುದೇ ಬೇಗ ಎನ್ನುವ ಪೈಲಟ್‌ಗಳೂ ಇದ್ದರು.

ಹೊಸಬರು ಸಾಯುವುದು ಹೆಚ್ಚಾಗಿ ಟೇಕಾಫ್‌ನಲ್ಲಿ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಪೆಟ್ರೋಲ್ ಲಿವರ್ ಹಿಂದೆಳೆದು ಪೆಟ್ರೋಲ್-ಗಾಳಿ ಮಿಶ್ರಣವನ್ನು ತೆಳು ಮಾಡಬೇಕು. ಮರೆತರೆ ಕ್ಲೆರ್ಜೆ ಉಸಿರುಗಟ್ಟುತ್ತದೆ, ಸುಧಾರಿಸಿಕೊಳ್ಳಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಗಾಬರಿಯಾಗಿ ಮೈದಾನದತ್ತ ವಾಪಸ್ ತಿರುಗಿಸಿದರೋ, ಸ್ಪಿನ್: ವಿಮಾನ ಗಿರಗಿರನೆ ಸುತ್ತುತ್ತ ಕೆಳಗೆ ಬೀಳುತ್ತದೆ. ಟ್ಯಾಂಕ್ ತುಂಬಿದ್ದರೆ ಬಾಲ ಬೇರೆ ಭಾರ, ಸ್ಟಿಕ್ಕನ್ನು (ವಿಮಾನ ನಡೆಸುವ ಕೋಲು) ಮುಂದೆ ಒತ್ತಿಯೇ ಇರಬೇಕು. ಸ್ಪಿನ್‌ನಿಂದ ಬಿಡಿಸಲು ಸ್ಟಿಕ್ ಮುಂದೆ, ರಡ್ಡರ್ ವಿರುದ್ಧ ದಿಕ್ಕಿಗೆ. ಆದರೆ ಅದಕ್ಕೆ ಕೆಳಗೆ ಎತ್ತರ ಉಳಿದಿರಬೇಕಲ್ಲ! ಎರಡು ಸೀಟಿನ ತರಬೇತಿ ಕ್ಯಾಮಲ್ ಬಂದದ್ದೇ ಈ ಕಾರಣಕ್ಕೆ.

ಇಳಿಯುವಾಗ ವೇಗ ತಗ್ಗಿಸಲು ಸ್ಟಿಕ್ಕಿನ ಮೇಲಿನ ಗುಂಡಿ ಒತ್ತಿ ಕಿಡಿ ನಿಲ್ಲಿಸಬೇಕು. ತುಂಬಾ ಹೊತ್ತು ಒತ್ತಿ ಹಿಡಿಯಬೇಡಿ. ಪೆಟ್ರೋಲ್ ಹರಿಯುತ್ತಲೇ ಇರುತ್ತದೆ, ಕೌಲಿಂಗ್‌ನೊಳಗೆ (ಎಂಜಿನ್ನಿನ ಹೊದಿಕೆ) ಸೇರಿದ್ದು ಮತ್ತೆ ಕಿಡಿ ಬಂದಾಗ ಹೊತ್ತಿಕೊಳ್ಳಬಹುದು.

ಕೀಲೆಣ್ಣೆಯೆಂದರೆ ನಮ್ಮ ಹರಳೆಣ್ಣೆಯೇ. ಪೆಟ್ರೋಲಿನಲ್ಲಿ ಕರಗದ್ದರಿಂದ ಅದೇ ಆಗಬೇಕು. ಒಮ್ಮೆ ಹೊಕ್ಕ ಎಣ್ಣೆ ಮರಳುವುದಿಲ್ಲ, ಹೊಗೆಯಾಗಿ, ಹನಿಯಾಗಿ ಪೈಲಟ್ ಮೇಲೆ. ಕನ್ನಡಕ ಒರೆಸುತ್ತಲೇ ಇರಬೇಕು. ಹೊಟ್ಟೆಯ ಪಾಡು ಹೇಳುವುದೇ ಬೇಡ.

12,000 ಅಡಿ ದಾಟಿದರೆ ಸೋಮಾರಿ. ಆ ಎತ್ತರದ ಕಾದಾಟಕ್ಕೆ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಎಸ್‌.ಇ.5ಎ ವಾಸಿ. ಭಾರತೀಯ ಪೈಲಟ್‌ಗಳ ಪೈಕಿ 28ನೇ ಸ್ಕ್ವಾಡ್ರನ್ನಿನಲ್ಲಿ ಹರ್ದಿತ್ ಸಿಂಗ್ ಮಲಿಕ್ ಹಾರಿಸಿದ್ದು ಕ್ಯಾಮಲ್, 40ನೇ ಸ್ಕ್ವಾಡ್ರನ್ನಿನ ಇಂದ್ರಲಾಲ್ ರಾಯ್ ಕೈಗೆ ಬಂದದ್ದು ಎಸ್‌.ಇ.5ಎ.

ಆಯ್ಕೆಯಿದ್ದರೆ 150 ಅಶ್ವಶಕ್ತಿಯ ಬೆಂಟ್ಲಿ ಎಂಜಿನ್ನಿನ ಕ್ಯಾಮಲ್ ತೆಗೆದುಕೊಳ್ಳಿ. ಅದರ ಅಲ್ಯೂಮಿನಿಯಂ ಸಿಲಿಂಡರ್ ಶಾಖ ಬೇಗ ಬಿಟ್ಟುಕೊಡುತ್ತದೆ, ಕ್ಲೆರ್ಜೆಯದರಂತೆ ಸೊಟ್ಟಗಾಗುವ ಕಾಟ ಕಡಿಮೆ. ರಾತ್ರಿ ಹಾರಾಟಕ್ಕೆ ಮೂತಿಯ ವಿಕರ್ಸ್ ಬೇಡ, ಅದರ ಬೆಂಕಿಯ ಮಿಂಚಿಗೆ ಕಣ್ಣು ಕತ್ತಲೆಗಟ್ಟುತ್ತದೆ. ಮೇಲಿನ ರೆಕ್ಕೆಯ ಮೇಲೆ ಎರಡು ಲೂಯಿಸ್ ಗನ್ ಕೂರಿಸಿದ ಮಾದರಿಯೇ ಇದೆ.