ಲಿನೇಜ್‌ಓಎಸ್, ಪೈನ್‌ಫೋನ್, ಗ್ರಾಫೀನ್‌ಓಎಸ್: ದಿನಬಳಕೆಗೆ ಯಾವುದು?

ಗೂಗಲ್‌ನ ಹಿಡಿತದಿಂದ ಆಚೆ ಬರಬೇಕು, ಓಪನ್ ಸೋರ್ಸ್ ಫೋನ್ ಬೇಕು ಅಂತ ಯಾರೇ ಕೇಳಿದರೂ ನಾನು ಹೇಳುವುದು ಒಂದೇ. ಗೂಗಲ್‌ನದೇ ಫೋನಾದ ಪಿಕ್ಸೆಲ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಅದಕ್ಕೆ ಗ್ರಾಫೀನ್‌ಓಎಸ್ (ಭದ್ರತೆಗೆ ಒತ್ತು ಕೊಡುವ ಓಪನ್ ಸೋರ್ಸ್ ಆಂಡ್ರಾಯ್ಡ್) ಹಾಕಿ. ನಾನೀಗ ಬಳಸುತ್ತಿರುವುದು ಪಿಕ್ಸೆಲ್ 7ಎ. ಮುಂಚೆ ಮನೆಯಲ್ಲಿದ್ದ ಹಳೇ ಫೋನಿಗೆ ಲಿನೇಜ್‌ಓಎಸ್ ಎಂಬ ಇನ್ನೊಂದು ಓಪನ್ ಸೋರ್ಸ್ ಆಂಡ್ರಾಯ್ಡ್ ಹಾಕಿಕೊಂಡಿದ್ದೆ. ನಡುವೆ ಗೆಳೆಯನ ಪೈನ್‌ಫೋನನ್ನೂ ಬಳಸಿ ನೋಡಿದೆ.

ಪೈನ್‌ಫೋನ್ ಆಂಡ್ರಾಯ್ಡ್ ಅಲ್ಲ, ಅಪ್ಪಟ ಲಿನಕ್ಸ್. ಹಿಂದಿನ ಮುಚ್ಚಳ ತೆಗೆದರೆ ಮೈಕ್, ಕ್ಯಾಮೆರಾ, ಮೋಡೆಮ್ ಆಫ್ ಮಾಡಲು ಪುಟ್ಟ ಸ್ವಿಚ್‌ಗಳಿವೆ. ಇದು ನನಗೆ ತುಂಬಾ ಹಿಡಿಸಿತು. ಆದರೆ ಚಿಪ್ ಹಳೆಯದು, ರ‍್ಯಾಮ್ 2 ಅಥವಾ 3 ಜಿಬಿ ಅಷ್ಟೇ. ಯುಪಿಐ ಆಸೆ ಬಿಟ್ಟುಬಿಡಬೇಕು. ಲಿನಕ್ಸ್ ಕಲಿಯುವವರಿಗೆ ಒಳ್ಳೆಯದು.

ಲಿನೇಜ್‌ಓಎಸ್ ಹಾಕಿದ ಮೇಲೆ ಹಳೇ ಫೋನ್ ಚುರುಕಾಯಿತು. ಜಾಹೀರಾತಿಲ್ಲ, ಬೇಡದ ಆ್ಯಪ್‌ಗಳಿಲ್ಲ. ಕನ್ನಡ ಟೈಪಿಂಗಿಗೆ ಎಫ್-ಡ್ರಾಯ್ಡ್ ಎಂಬ ಓಪನ್ ಸೋರ್ಸ್ ಆ್ಯಪ್ ಸ್ಟೋರಿನಿಂದ ಇಂಡಿಕ್ ಕೀಬೋರ್ಡ್ ಹಾಕಿಕೊಂಡೆ. ತೊಂದರೆ ಕೊಟ್ಟಿದ್ದು ಬ್ಯಾಂಕ್ ಆ್ಯಪ್.

ಲಿನೇಜ್ ಹಾಕಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಶುರು ಮಾಡುವ ತಂತ್ರಾಂಶ) ಅನ್‌ಲಾಕ್ ಮಾಡಲೇಬೇಕು. ಹೆಚ್ಚಿನ ಫೋನುಗಳಲ್ಲಿ ಅದನ್ನು ಮತ್ತೆ ಲಾಕ್ ಮಾಡುವ ಹಾಗಿಲ್ಲ. ನನ್ನ ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ಅದನ್ನೇ ನೋಡುತ್ತದೆ. ಫೋನ್ ಸುರಕ್ಷಿತವಲ್ಲ ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಳ್ಳುತ್ತದೆ. ರೂಟ್ ಮಾಡಿ, ಅಂದರೆ ಫೋನಿನ ಪೂರ್ತಿ ಹಿಡಿತ ತಗೊಂಡು, ಅನ್‌ಲಾಕ್ ಆಗಿರುವುದನ್ನು ಮರೆಮಾಚುವ ದಾರಿಯೂ ಇದೆ. ಆದರೆ ಆ್ಯಪ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಅದೇ ಗೋಳು.

ನಾನು ಜೇಬಲ್ಲಿ ನೋಟು ಇಟ್ಟುಕೊಳ್ಳುವವನಲ್ಲ. ಸೊಪ್ಪು, ಹಾಲು, ಬಸ್ ಟಿಕೆಟ್ ಎಲ್ಲಕ್ಕೂ ಸ್ಕ್ಯಾನೇ. ಆ್ಯಪ್ ಇಲ್ಲದೆಯೂ *99# ಒತ್ತಿ ದುಡ್ಡು ಕಳಿಸಬಹುದು, ನಿಜ. ಆದರೆ ಅದರಲ್ಲಿ ಕ್ಯೂಆರ್ ಸ್ಕ್ಯಾನ್ ಇಲ್ಲ. ಹಿಂದೆ ಜನ ನಿಂತಿರುವಾಗ ಒಂದೊಂದೇ ನಂಬರ್ ಒತ್ತುತ್ತಾ ಇರೋಕಾಗುತ್ತಾ?

ಸಿಟ್ಟು ಬರುವುದು ಇಲ್ಲಿ. ವರ್ಷಗಟ್ಟಲೆ ಭದ್ರತಾ ಅಪ್‌ಡೇಟ್ ಕಾಣದ ಫೋನು ಕಂಪನಿಯ ಆಂಡ್ರಾಯ್ಡ್ ಇದ್ದರೆ ಸಾಕು, ಈ ಪರೀಕ್ಷೆಯಲ್ಲಿ ಪಾಸಾಗಬಹುದು. ಹೊಸ ಅಪ್‌ಡೇಟ್ ಇರುವ ಲಿನೇಜ್ ಫೋನು ಫೇಲ್. ಇದು ಯಾವ ನ್ಯಾಯ?

ಗ್ರಾಫೀನ್‌ಓಎಸ್ ಹಾಕಿದ ಮೇಲೆ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬಹುದು. ನನ್ನ ಬ್ಯಾಂಕ್ ಆ್ಯಪ್ ತಕರಾರಿಲ್ಲದೆ ತೆರೆಯಿತು. ಫೋನಿನ ಓಎಸ್‌ಗೆ ಗೂಗಲ್‌ನ ಸರ್ಟಿಫಿಕೇಟೇ ಬೇಕು ಅನ್ನುವ ಆ್ಯಪ್‌ಗಳು ಮಾತ್ರ ಇದರಲ್ಲೂ ಓಡುವುದಿಲ್ಲ. ಗೂಗಲ್ ಪ್ಲೇ ಬೇಕಿದ್ದರೆ ಹಾಕಿಕೊಳ್ಳಬಹುದು. ಅದಕ್ಕೆ ವಿಶೇಷ ಅಧಿಕಾರ ಇರುವುದಿಲ್ಲ, ಬೇರೆ ಆ್ಯಪ್‌ಗಳ ಹಾಗೇ ಇರುತ್ತದೆ. ನಾನು ಪ್ಲೇ ಮತ್ತು ಬ್ಯಾಂಕ್ ಎರಡನ್ನೂ ಬೇರೆ ಪ್ರೊಫೈಲಿನಲ್ಲಿ (ಅದೇ ಫೋನಿನೊಳಗಿನ ಪ್ರತ್ಯೇಕ ಬಳಕೆದಾರ ಖಾತೆ) ಇಟ್ಟಿದ್ದೇನೆ. ಯುಪಿಐ ನೋಂದಣಿಗೆ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕಲ್ವಾ, ಅದಕ್ಕೆ ಆ ಪ್ರೊಫೈಲಿಗೆ ಕರೆ ಮತ್ತು ಎಸ್‌ಎಂಎಸ್ ಅನುಮತಿ ಕೊಡಿ. ಯಾವ ಆ್ಯಪಿಗೆ ಬೇಕಾದರೂ ಇಂಟರ್ನೆಟ್ ಕಟ್ ಮಾಡಬಹುದು. ನಾನು ಮೊದಲು ಕಟ್ ಮಾಡಿದ್ದು ಕೀಬೋರ್ಡಿಗೆ.

ಇದು ಓಡುವುದು ಪಿಕ್ಸೆಲ್‌ನಲ್ಲಿ ಮಾತ್ರ, ಹೊಸದು ದುಬಾರಿ. ನನ್ನ ಬಜೆಟ್ಟಿಗೆ ಹಳೇ 7ಎ ಸರಿಹೋಯಿತು. ಅದಕ್ಕೆ 2028ರ ಮೇವರೆಗೆ ಭದ್ರತಾ ಅಪ್‌ಡೇಟ್ ಇದೆ. ಕೊಳ್ಳುವಾಗ ಅಂಗಡಿಯಲ್ಲೇ ವೈಫೈಗೆ ಸೇರಿಸಿ, ಡೆವಲಪರ್ ಆಪ್ಷನ್ಸ್‌ನಲ್ಲಿ ‘ಒಇಎಂ ಅನ್‌ಲಾಕಿಂಗ್’ (ಬೂಟ್‌ಲೋಡರ್ ಅನ್‌ಲಾಕ್ ಮಾಡಲು ಬಿಡುವ ಸೆಟ್ಟಿಂಗ್) ಆನ್ ಆಗುತ್ತಾ ನೋಡಿ. ಆಗದಿದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.